ಕೂಗು ಗುಡ್ಡ ದಾಟುವುದಿಲ್ಲ: ಬೇರೆ ನೆಟ್‌ವರ್ಕಿನ ಕಂಪ್ಯೂಟರಿಗೆ ದಾರಿ ಸಿಗುವ ಬಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಅಡೂರು ಕಡೆಯ ಮನೆಗಳು ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ. ತೋಟದ ನಡುವೆ ಒಂದು, ಗುಡ್ಡದ ಬದಿಯಲ್ಲಿ ಇನ್ನೊಂದು. ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ತೋಟದಲ್ಲಿದ್ದವರು ಓಗೊಡುತ್ತಾರೆ, ಗುಡ್ಡದಾಚೆಯವರಿಗೆ ಕೇಳುವುದಿಲ್ಲ. ಅವರಿಗೆ ಏನಾದರೂ ಮುಟ್ಟಬೇಕಾದರೆ ಆ ಕಡೆಗೆ ಹೋಗುವವರ ಕೈಯಲ್ಲಿ ಕೊಡಬೇಕು. ನೆಟ್‌ವರ್ಕಿನಲ್ಲಿ ಆ ಕೂಗಿನ ಹೆಸರು ಎಆರ್‌ಪಿ, ಗುಡ್ಡ ದಾಟಿಸುವವನ ಹೆಸರು ರೌಟರ್.

ಇದನ್ನು ಕಲಿಯುವವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ದೂರದ ಯಂತ್ರಕ್ಕೆ ಪ್ಯಾಕೆಟ್ (ಮಾಹಿತಿಯ ಕಟ್ಟು) ಕಳಿಸಬೇಕಾದರೆ ಅದರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಬೇಕಲ್ಲ, ಅದನ್ನು ಎಲ್ಲಿಂದ ತರುವುದು ಎಂದು ಹುಡುಕುತ್ತಾರೆ. ಬೇಕಾಗುವುದೇ ಇಲ್ಲ. ಬೇರೆ ನೆಟ್‌ವರ್ಕಿನಲ್ಲಿರುವ ಯಂತ್ರದ ಮ್ಯಾಕ್ ನಿಮ್ಮ ಯಂತ್ರಕ್ಕೆ ಎಂದೂ ಗೊತ್ತಾಗುವುದಿಲ್ಲ. ಅದು ಕೇಳಿ ತಿಳಿಯುವುದು ಹೊರಗೆ ದಾಟಿಸುವ ರೌಟರಿನ, ಅಂದರೆ ಗೇಟ್‌ವೇಯ ಮ್ಯಾಕ್ ಮಾತ್ರ. ಸಂಪರ್ಕ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದಕ್ಕೂ ಇದೇ ಮಾತು ದೀಪ.

ಪ್ರಯೋಗಕ್ಕೆ ಒಂದು ಶಾಲೆ

ಒಂದು ಶಾಲೆಯಲ್ಲಿ ಎರಡು ಕಟ್ಟಡ ಉಂಟೆಂದು ಇಟ್ಟುಕೊಳ್ಳಿ. ಹಳೆ ಹೆಂಚಿನ ಕಟ್ಟಡದಲ್ಲಿ ಕಂಪ್ಯೂಟರ್ ಲ್ಯಾಬು, ಹೊಸ ಕಟ್ಟಡದಲ್ಲಿ ಆಫೀಸು. ಲ್ಯಾಬಿನ ನೆಟ್‌ವರ್ಕ್ 192.168.10.0, ಆಫೀಸಿನದು 192.168.20.0, ಎರಡಕ್ಕೂ ಮಾಸ್ಕ್ (ಯಂತ್ರದ ಐಪಿ ವಿಳಾಸ ಎಂಬ ಸಂಖ್ಯೆಯಲ್ಲಿ ಯಾವ ಭಾಗ ನೆಟ್‌ವರ್ಕಿನದ್ದೆಂದು ಹೇಳುವ ಅಳತೆ) 255.255.255.0. ನಡುವೆ ಒಂದು ರೌಟರ್. ಬೇರೆ ರೌಟರ್ ಇಲ್ಲದಿದ್ದರೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದ ಹಳೆ ಕಂಪ್ಯೂಟರೂ ಸಾಕು. ಲಿನಕ್ಸಿನಲ್ಲಿ ಐಪಿ ಫಾರ್ವರ್ಡ್ ಎಂಬ ಕರ್ನೆಲ್ ಸೆಟ್ಟಿಂಗನ್ನು 0 ಇದ್ದದ್ದು 1 ಮಾಡಿದರೆ ಅದೇ ರೌಟರ್. ಎರಡು ಕಾರ್ಡಿನ ಕೇಬಲ್‌ಗಳನ್ನು ಬೇರೆ ಬೇರೆ ಸ್ವಿಚ್ಚಿಗೇ (ಒಂದು ನೆಟ್‌ವರ್ಕಿನ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಹಾಕಬೇಕು. ಎರಡನ್ನೂ ಒಂದೇ ಸ್ವಿಚ್ಚಿಗೆ ಚುಚ್ಚಿದರೆ, ಒಂದು ಕಾರ್ಡಿನ ಐಪಿ ಕೇಳಿದಾಗ ಲಿನಕ್ಸ್ ಇನ್ನೊಂದು ಕಾರ್ಡಿನಿಂದಲೂ ಉತ್ತರ ಕೊಡುತ್ತದೆ. ಯಾವ ಮ್ಯಾಕ್ ಸಿಕ್ಕಿತೆಂಬುದು ಆಗ ಅದೃಷ್ಟದ ಮಾತು.

ವಿಳಾಸಗಳು ಇವು. ನೆನಪಿಡಲು ಸುಲಭವಾಗಲೆಂದು ಮ್ಯಾಕ್‌ನ ಕೊನೆಯ ಎರಡು ಜೋಡಿ ಐಪಿಯ ಕೊನೆಯ ಎರಡು ಸಂಖ್ಯೆಗಳನ್ನೇ ಹೋಲುವಂತೆ ಇಟ್ಟಿದೆ:

ಲ್ಯಾಬಿನ ಕಂಪ್ಯೂಟರ್: 192.168.10.11, ಮ್ಯಾಕ್ 02:00:00:00:10:11
ರೌಟರ್, ಲ್ಯಾಬಿನ ಬದಿ: 192.168.10.1, ಮ್ಯಾಕ್ 02:00:00:00:10:01
ರೌಟರ್, ಆಫೀಸಿನ ಬದಿ: 192.168.20.1, ಮ್ಯಾಕ್ 02:00:00:00:20:01
ಆಫೀಸಿನ ಸರ್ವರ್: 192.168.20.25, ಮ್ಯಾಕ್ 02:00:00:00:20:25

ರೌಟರಿಗೆ ಎರಡು ಐಪಿ, ಎರಡು ಮ್ಯಾಕ್. ಅದು ಎರಡೂ ಅಂಗಳದಲ್ಲಿ ಒಂದೊಂದು ಕಾಲಿಟ್ಟು ನಿಂತಿದೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಕೇರಳದ ಉಳಿದ ಶಾಲೆಗಳಂತೆ, ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಸರಕಾರಿ ಸಂಸ್ಥೆ ಕೈಟ್‌ನ ಉಬುಂಟು ಆಧಾರಿತ ಲಿನಕ್ಸ್ ಇರುವುದರಿಂದ ಇಲ್ಲಿ ಲಿನಕ್ಸ್ ಆಜ್ಞೆಗಳೇ ಮುಂದೆ ಬರುತ್ತವೆ. ಅವನ್ನು ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ. 'ಆರ್', 'ಎನ್' ಎಂದಲ್ಲಿ ಒಂದೊಂದೇ ಅಕ್ಷರ.

ಮೊದಲ ಪಿಂಗ್ ಹೊರಟಾಗ

ಲ್ಯಾಬಿನಿಂದ 192.168.20.25ಕ್ಕೆ ಪಿಂಗ್ ('ಇದ್ದೀಯಾ?' ಎಂದು ವಿಚಾರಿಸುವ ಸಣ್ಣ ಪ್ಯಾಕೆಟ್) ಕೊಟ್ಟಿದ್ದೀರಿ. ಯಾವ ಯಂತ್ರದ ನೆನಪಿನಲ್ಲೂ ಯಾರ ಮ್ಯಾಕೂ ಇಲ್ಲ.

1. ಲ್ಯಾಬಿನ ಕಂಪ್ಯೂಟರ್ ಮೊದಲು ಕೇಳಿಕೊಳ್ಳುವ ಪ್ರಶ್ನೆ: ಇದು ನಮ್ಮ ಅಂಗಳದ್ದೋ, ಆಚೆಯದ್ದೋ? ತನ್ನ ಐಪಿಯನ್ನೂ ಗುರಿಯ ಐಪಿಯನ್ನೂ ತನ್ನದೇ ಮಾಸ್ಕಿನಿಂದ ಅಳೆಯುತ್ತದೆ. ಒಂದು ಬದಿ 192.168.10.0 ಬಂತು, ಇನ್ನೊಂದು ಬದಿ 192.168.20.0. ಎರಡೂ ಬೇರೆ, ಹಾಗಾಗಿ ಗೇಟ್‌ವೇ 192.168.10.1ರ ಕೈಗೆ ಕೊಡಬೇಕು. ಸರ್ವರಿನ ಮಾಸ್ಕ್ ಏನೆಂದು ಇದಕ್ಕೆ ಗೊತ್ತಿಲ್ಲ, ತಿಳಿಯುವ ದಾರಿಯೂ ಇಲ್ಲ. ತೀರ್ಮಾನ ಪೂರ್ತಿ ತನ್ನ ಮಾಸ್ಕಿನದ್ದೇ. ಈ ಸಾಲಿಗೆ ಗೆರೆ ಎಳೆದುಕೊಳ್ಳಿ, ಮುಂದೆ ಬೇಕಾಗುತ್ತದೆ. ಏನು ತೀರ್ಮಾನವಾಯಿತೆಂದು ನೋಡಲು 'ಐಪಿ ಆರ್ ಗೆಟ್ 192.168.20.25' ಎಂದು ಕೊಟ್ಟರೆ, 'ವಯಾ 192.168.10.1' ಎಂದು ತೋರಿಸುತ್ತದೆ.

2. ಗೇಟ್‌ವೇಯ ಮ್ಯಾಕ್ ನೆನಪಿನಲ್ಲಿ ಉಂಟೋ ಎಂದು ತನ್ನ ಎಆರ್‌ಪಿ ಪಟ್ಟಿ ನೋಡುತ್ತದೆ. ಇಲ್ಲ.

3. ಈಗ ಕೂಗು. '192.168.10.1 ಯಾರದ್ದು? 192.168.10.11ಕ್ಕೆ ಹೇಳಿ.' ಕೇಳಿದ್ದು ಗೇಟ್‌ವೇಯನ್ನು, 20.25 ಎಂಬ ಅಂಕಿ ಈ ಕೂಗಿನಲ್ಲಿ ಎಲ್ಲೂ ಇಲ್ಲ. ಎಆರ್‌ಪಿಯ ಸಂದೇಶ 28 ಬೈಟ್ ಮಾತ್ರ. ಈಥರ್ನೆಟ್ ಫ್ರೇಮಿನ (ಕೇಬಲಿನಲ್ಲಿ ಓಡುವ ಹೊರಲಕೋಟೆಯ) ಒಳಗೆ ಕನಿಷ್ಠ 46 ಬೈಟ್ ಇರಲೇಬೇಕು, ಆದ್ದರಿಂದ ಉಳಿದ 18 ಬೈಟಿಗೆ ಸೊನ್ನೆ ತುಂಬಿಸುತ್ತಾರೆ. ಗುರಿಯ ಮ್ಯಾಕ್ ಇರುವಲ್ಲಿ 48 ಬಿಟ್‌ಗಳೂ 1, ಅಂದರೆ ಎಲ್ಲರಿಗೂ. ಸ್ವಿಚ್ ಇದನ್ನು ಎಲ್ಲ ಪೋರ್ಟಿಗೂ ಹಂಚುತ್ತದೆ.

4. ರೌಟರಿನ ಲ್ಯಾಬಿನ ಕಾಲು ಉತ್ತರಿಸುತ್ತದೆ: '192.168.10.1 ಇರುವುದು 02:00:00:00:10:01ರಲ್ಲಿ.' ಉತ್ತರ ಎಲ್ಲರಿಗೂ ಅಲ್ಲ, ಕೇಳಿದವನಿಗೆ ಮಾತ್ರ. ಕೇಳಿದವನ ಐಪಿಯೂ ಮ್ಯಾಕೂ ಪ್ರಶ್ನೆಯಲ್ಲೇ ಇದ್ದುದರಿಂದ ರೌಟರ್ ಅದನ್ನು ಬರೆದುಕೊಂಡಾಗಿದೆ. 1982ರ ನವೆಂಬರಿನಲ್ಲಿ ಡೇವಿಡ್ ಪ್ಲಮ್ಮರ್ ಆರ್‌ಎಫ್‌ಸಿ 826 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಎಆರ್‌ಪಿಯನ್ನು ಬರೆದಾಗಲೇ ಇಟ್ಟ ಜಾಣತನ ಇದು: ನಿನ್ನನ್ನು ಕೇಳಿದವನಿಗೆ ನೀನು ಸದ್ಯದಲ್ಲೇ ಏನಾದರೂ ಹೇಳಬೇಕಾದೀತು, ಈಗಲೇ ಗುರುತು ಹಾಕಿಕೋ.

5. ಲ್ಯಾಬಿನ ಕಂಪ್ಯೂಟರ್ ಪಿಂಗನ್ನು ಕಳಿಸುತ್ತದೆ. ಹೊರಗಿನ ಫ್ರೇಮಿನಲ್ಲಿ ಗುರಿಯ ಮ್ಯಾಕ್ ರೌಟರಿನದ್ದು, ಒಳಗಿನ ಪ್ಯಾಕೆಟ್ಟಿನಲ್ಲಿ ಗುರಿಯ ಐಪಿ ಸರ್ವರಿನದ್ದು. ಇವೆರಡು ಬೇರೆ ಬೇರೆ ಯಂತ್ರವನ್ನು ತೋರಿಸುವುದು ತಪ್ಪಲ್ಲ, ಹಾಗೆಯೇ ಇರಬೇಕು.

6. ರೌಟರ್ ಫ್ರೇಮ್ ಹರಿದು ಬಿಸಾಡುತ್ತದೆ. ಪ್ಯಾಕೆಟ್ಟಿನ ಟಿಟಿಎಲ್ (ಇನ್ನೆಷ್ಟು ರೌಟರ್ ದಾಟಬಹುದೆಂಬ ಲೆಕ್ಕ) 64 ಇದ್ದದ್ದು 63 ಆಗುತ್ತದೆ, ಹೆಡರಿನ ಚೆಕ್‌ಸಮ್ ಹೊಸದಾಗಿ ಲೆಕ್ಕವಾಗುತ್ತದೆ. 192.168.20.0 ತನ್ನ ಇನ್ನೊಂದು ಕಾಲಿನ ನೆಟ್‌ವರ್ಕೇ ಆದ್ದರಿಂದ ಆಫೀಸಿನ ಅಂಗಳಕ್ಕೆ ತಿರುಗಿ ಹೊಸ ಕೂಗು ಹಾಕುತ್ತದೆ: '192.168.20.25 ಯಾರದ್ದು? 192.168.20.1ಕ್ಕೆ ಹೇಳಿ.' ಲ್ಯಾಬಿನ ಕೂಗು ಇತ್ತ ಬಂದದ್ದಲ್ಲ. ಇದು ಬೇರೆಯೇ ಕೂಗು.

7. ಸರ್ವರ್ ಓಗೊಟ್ಟ ಮೇಲೆ ರೌಟರ್ ಹೊಸ ಫ್ರೇಮ್ ಕಟ್ಟುತ್ತದೆ. ಮೂಲ ಮ್ಯಾಕ್ 02:00:00:00:20:01, ಗುರಿ 02:00:00:00:20:25. ಒಳಗಿನ ಐಪಿಗಳು ಹೊರಟಾಗ ಹೇಗಿದ್ದವೋ ಹಾಗೇ. ಮನೆಯ ಇಂಟರ್ನೆಟ್ ರೌಟರಿನಂತೆ ನಡುವೆ ನ್ಯಾಟ್ (ಐಪಿ ವಿಳಾಸ ಬದಲಿಸಿ ಕಳಿಸುವ ಏರ್ಪಾಡು) ಇದ್ದರೆ ಮಾತ್ರ ಮೂಲದ ಐಪಿಯೂ ಬದಲಾದೀತು. ಆದರೆ ಅದು ನ್ಯಾಟ್‌ನ ಕೆಲಸ, ಎಆರ್‌ಪಿಯದ್ದಲ್ಲ.

ಮರುಪ್ರಯಾಣದಲ್ಲಿ ಸರ್ವರ್ ತನ್ನ ಮಾಸ್ಕಿನಿಂದ ತಾನೇ ಮತ್ತೆ ಅಳೆದು, ತನ್ನ ಗೇಟ್‌ವೇ 192.168.20.1ಕ್ಕೆ ಕೊಡುತ್ತದೆ. ಅದರ ಮ್ಯಾಕ್ ಈಗಷ್ಟೇ ಕೇಳಿದ ಕೂಗಿನಲ್ಲೇ ಸಿಕ್ಕಿತ್ತು. ರೌಟರಿಗೂ ಲ್ಯಾಬಿನ ಕಂಪ್ಯೂಟರಿನ ಮ್ಯಾಕ್ ಗೊತ್ತು. ಹಾಗಾಗಿ ಹೋಗಿ ಬರಲು ಒಟ್ಟು ಎರಡು ಕೂಗು, ಎರಡು ಓಗೊಡುವಿಕೆ. ಬರುವ ದಾರಿಗೆ ಒಂದೂ ಬೇಡ.

ಕಣ್ಣಾರೆ ನೋಡುವುದು ಹೇಗೆ

ಹಳೆಯ ನೆನಪು ಅಳಿಸದೆ ಪ್ರಯೋಗ ಮಾಡಿದರೆ ಕೂಗು ಕಾಣಿಸುವುದೇ ಇಲ್ಲ. 'ಸುಡೊ ಐಪಿ ಎನ್ ಫ್ಲಶ್ ಆಲ್' ಎಂದು ಪಟ್ಟಿ ಖಾಲಿ ಮಾಡಿ. ವಿಂಡೋಸಿನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ 'ಆರ್ಪ್ -ಡಿ *'. ಒಂದು ಟರ್ಮಿನಲಿನಲ್ಲಿ, ಓಡುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪನ್ನು -ಎನ್ ಮತ್ತು -ಇ ಜೋಡಿಸಿ, 'ಎಆರ್‌ಪಿ ಓರ್ ಐಸಿಎಂಪಿ' ಎಂಬ ಜರಡಿ ಹಾಕಿ ಓಡಿಸಿ. 'ಓರ್' ಅಂದರೆ 'ಅಥವಾ' ಎಂಬ ಇಂಗ್ಲಿಷ್ ಪದ, ಐಸಿಎಂಪಿ ಎಂದರೆ ಪಿಂಗ್ ಸಾಗುವ ಬಗೆ. -ಇ ಇಲ್ಲದಿದ್ದರೆ ಮ್ಯಾಕ್ ಕಾಣಿಸದು, ಮ್ಯಾಕ್ ಕಾಣದ ಮೇಲೆ ಈ ಪ್ರಯೋಗಕ್ಕೆ ಅರ್ಥವಿಲ್ಲ. ವೈರ್‌ಷಾರ್ಕ್ ಎಂಬ ಅದೇ ಕೆಲಸದ ತಂತ್ರಾಂಶ ಇದ್ದರೆ ಇನ್ನೂ ಸುಲಭ. ಎಆರ್‌ಪಿ ಫ್ರೇಮಿನ ಗುರುತು ಸಂಖ್ಯೆ 0806, ಐಪಿಯದ್ದು 0800. ಎಆರ್‌ಪಿ ಐಪಿಯ ಒಳಗೆ ಕೂರುವುದಿಲ್ಲ, ಅದಕ್ಕೆ ಟಿಟಿಎಲ್ ಕೂಡ ಇಲ್ಲ. ರೌಟರ್ ಮುಂದಕ್ಕೆ ದಾಟಿಸುವುದು ಐಪಿ ಪ್ಯಾಕೆಟ್ಟುಗಳನ್ನು. ಕೂಗು ಗುಡ್ಡ ದಾಟದಿರುವುದಕ್ಕೆ ಕಾರಣ ಇಷ್ಟೇ.

ಲ್ಯಾಬಿನಲ್ಲೂ ಆಫೀಸಿನಲ್ಲೂ ಏಕಕಾಲಕ್ಕೆ ಹಿಡಿದು ಪಕ್ಕಪಕ್ಕದಲ್ಲಿ ಇಟ್ಟು ನೋಡಿ: ಐಪಿ ಎರಡೂ ಕಡೆ ಒಂದೇ, ಮ್ಯಾಕ್ ಎರಡೂ ಕಡೆ ಬೇರೆ. ಮಕ್ಕಳಿಗೆ ಹತ್ತು ಚಿತ್ರ ಬರೆದು ವಿವರಿಸುವುದಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ.

ಪಿಂಗ್ ಶುರುವಾದ ಸುಮಾರು 5 ಸೆಕೆಂಡಿಗೆ ಇನ್ನೊಂದು ಎಆರ್‌ಪಿ ಪ್ರಶ್ನೆ ಓಡುವುದು ಕಂಡೀತು. ಅದು ಎಲ್ಲರಿಗೂ ಕೂಗಿದ್ದಲ್ಲ, ಒಂದೇ ಮ್ಯಾಕಿಗೆ ಹೋದದ್ದು. ಹೆದರಬೇಡಿ. ಕಿವಿಗೆ ಬಿದ್ದು ಬರೆದುಕೊಂಡ ವಿಳಾಸವನ್ನು ಲಿನಕ್ಸ್ 'ಸ್ಟೇಲ್' ಎಂದು ಗುರುತು ಹಾಕಿ, ಬಳಸಲು ತೊಡಗಿ 5 ಸೆಕೆಂಡಾದ ಮೇಲೆ 'ಅಲ್ಲೇ ಇದ್ದೀಯಲ್ಲ?' ಎಂದು ಒಮ್ಮೆ ವಿಚಾರಿಸುತ್ತದೆ. ಖಚಿತವಾದ ವಿಳಾಸ 'ರೀಚಬಲ್' ಆಗಿ 15ರಿಂದ 45 ಸೆಕೆಂಡಿನ ನಡುವೆ ಎಷ್ಟೋ ಹೊತ್ತು ಉಳಿಯುತ್ತದೆ. ವಿಂಡೋಸಿನದ್ದೂ ಇದೇ ಲೆಕ್ಕ. ಸಿಸ್ಕೊ ಕಂಪೆನಿಯ ರೌಟರುಗಳ ನೆನಪು ಮಾತ್ರ ದೊಡ್ಡದು, ಬೇರೆ ಹೇಳದಿದ್ದರೆ 4 ಗಂಟೆ.

ಕೆಡುವುದು ಎಲ್ಲಿ

ಹೆಚ್ಚಿನ ಕಡೆ ಕೆಡುವುದು ಮಾಸ್ಕಿನಲ್ಲಿ. ಲ್ಯಾಬಿನ ಒಂದು ಕಂಪ್ಯೂಟರಿಗೆ ಯಾರೋ 255.255.255.0ರ ಬದಲು 255.255.0.0 ಹಾಕಿದ್ದಾರೆ ಎಂದುಕೊಳ್ಳಿ. ಆ ಕಂಪ್ಯೂಟರಿಗೆ ಈಗ 192.168ರಿಂದ ಶುರುವಾಗುವುದೆಲ್ಲ ತನ್ನದೇ ಅಂಗಳ. 20.25ಕ್ಕೆ ಹೋಗಬೇಕಾದಾಗ ಗೇಟ್‌ವೇಯತ್ತ ತಿರುಗಿಯೂ ನೋಡುವುದಿಲ್ಲ. 'ಯಾರದ್ದು 192.168.20.25?' ಎಂದು ಲ್ಯಾಬಿನಲ್ಲೇ ಕೂಗುತ್ತದೆ. ಸೆಕೆಂಡಿಗೊಂದರಂತೆ ಮೂರು ಸಲ ಕೂಗಿ, ಯಾರೂ ಓಗೊಡದೆ 'ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್' ಎನ್ನುತ್ತದೆ. ತಮಾಷೆಯೆಂದರೆ ಇಂಟರ್ನೆಟ್ ಚೆನ್ನಾಗಿಯೇ ಓಡುತ್ತಿರುತ್ತದೆ, ಲ್ಯಾಬಿನೊಳಗಿನ ಪ್ರಿಂಟರೂ ಸಿಗುತ್ತದೆ. ಆಫೀಸು ಮಾತ್ರ ಸಿಗುವುದಿಲ್ಲ. ಆಗ ಎಲ್ಲರೂ ಆಫೀಸಿನ ಸರ್ವರನ್ನು ಬಿಚ್ಚಲು ಹೊರಡುತ್ತಾರೆ.

ಹೊರಡುವ ಮೊದಲು 'ಐಪಿ ಎನ್' ಎಂದು ಕೊಟ್ಟು ಪಟ್ಟಿ ನೋಡಿ. ವಿಂಡೋಸಿನಲ್ಲಿ 'ಆರ್ಪ್ -ಎ'. ಪರರ ನೆಟ್‌ವರ್ಕಿನ ಐಪಿ ನಿಮ್ಮ ಎಆರ್‌ಪಿ ಪಟ್ಟಿಯಲ್ಲಿ ಇರಲೇಕೂಡದು. ಲಿನಕ್ಸಿನ ಪಟ್ಟಿಯಲ್ಲಿ '192.168.20.25 ಫೇಲ್ಡ್' ಎಂದು ಕಂಡಿತೋ, ನಿಮ್ಮದೇ ಮಾಸ್ಕ್ ತಪ್ಪು. ಬೇರೆಲ್ಲೂ ಹುಡುಕಬೇಕಿಲ್ಲ.

ತಪ್ಪು ಮಾಸ್ಕ್ ಸರ್ವರಿನಲ್ಲಿದ್ದರೆ ಲಕ್ಷಣ ಬೇರೆ. ಪಿಂಗ್ ಸರಿಯಾಗಿ ಹೋಗಿ ಮುಟ್ಟುತ್ತದೆ. ಉತ್ತರ ಕೊಡುವಾಗ ಸರ್ವರ್ ಆಫೀಸಿನ ಅಂಗಳದಲ್ಲಿ ನಿಂತು '192.168.10.11 ಯಾರದ್ದು?' ಎಂದು ಕೂಗಿ ಸುಮ್ಮನಾಗುತ್ತದೆ. ಲ್ಯಾಬಿನಲ್ಲಿ ಕೂತವರಿಗೆ ಯಾವ ದೂರೂ ಕೇಳಿಸದು, ಬರೀ ಮೌನ. ಸರ್ವರಿನಲ್ಲಿ ಟಿಸಿಪಿಡಂಪ್ ಓಡಿಸಿದರೆ ಪಿಂಗ್ ಬರುವುದೂ, ಅದರ ಬೆನ್ನಿಗೆ ಈ ವ್ಯರ್ಥ ಕೂಗೂ ಒಂದರ ಕೆಳಗೊಂದು ಕಾಣುತ್ತವೆ.

ಮಾಸ್ಕ್ ಬೇಕಾದ್ದಕ್ಕಿಂತ ಕಿರಿದಾದರೂ ತೊಂದರೆಯೇ. 255.255.255.128 ಹಾಕಿದರೆ 0ರಿಂದ 127ರವರೆಗೆ ಒಂದು ನೆಟ್‌ವರ್ಕ್, 128ರಿಂದ 255 ಇನ್ನೊಂದು. 192.168.10.200 ಎಂಬ ಯಂತ್ರಕ್ಕೆ ಈ ಮಾಸ್ಕ್ ಕೊಟ್ಟರೆ ಗೇಟ್‌ವೇ 192.168.10.1 ಅದರ ಅಂಗಳದಿಂದ ಹೊರಗೆ ಬಿತ್ತು. ಗೇಟ್‌ವೇಯನ್ನೇ ತಲುಪಲು ಗೇಟ್‌ವೇ ಬೇಕು ಎಂಬಂತಾಗುತ್ತದೆ. ಲಿನಕ್ಸ್ ಇಂಥ ರೌಟನ್ನು ಸೇರಿಸಲು ಒಪ್ಪುವುದೇ ಇಲ್ಲ.

ಕೆಲವು ರೌಟರುಗಳು ಈ ತಪ್ಪನ್ನು ಮುಚ್ಚಿಡುತ್ತವೆ. ಪ್ರಾಕ್ಸಿ ಎಆರ್‌ಪಿ ಎಂಬ ಏರ್ಪಾಡು ಅದು; ಸಿಸ್ಕೊ ರೌಟರುಗಳಲ್ಲಿ ಹೇಳದೆಯೇ ಚಾಲೂ ಇರುತ್ತದೆ. ಮಾಸ್ಕ್ ತಪ್ಪಿದ ಕಂಪ್ಯೂಟರ್ '192.168.20.25 ಯಾರದ್ದು?' ಎಂದಾಗ ರೌಟರ್ 'ನನ್ನದೇ' ಎಂದು ತನ್ನ ಮ್ಯಾಕ್ ಕೊಟ್ಟು, ಪ್ಯಾಕೆಟ್ ಇಸಿದುಕೊಂಡು ಆಚೆ ದಾಟಿಸುತ್ತದೆ. ಕೆಲಸ ನಡೆಯುತ್ತದೆ, ಯಾರಿಗೂ ಸಂಶಯ ಬಾರದು. ವರ್ಷಗಳ ಮೇಲೆ ರೌಟರ್ ಬದಲಿಸಿದ ದಿನ ಅರ್ಧ ಲ್ಯಾಬು ನಿಂತುಹೋಗುತ್ತದೆ, ಬೈಗುಳ ಹೊಸ ರೌಟರಿಗೆ ಬೀಳುತ್ತದೆ. ಪಟ್ಟಿಯಲ್ಲಿ ಬೇರೆ ನೆಟ್‌ವರ್ಕಿನ ಐಪಿಗಳು ಸಾಲಾಗಿ ನಿಂತು ಎಲ್ಲದಕ್ಕೂ ರೌಟರಿನ ಮ್ಯಾಕೇ ಇದ್ದರೆ ಈ ಉಪಕಾರ ನಡೆಯುತ್ತಿದೆ ಎಂದರ್ಥ. ಪ್ರಾಕ್ಸಿಯನ್ನು ನಂಬಿ ಕೂರುವುದು ಒಳ್ಳೆಯದಲ್ಲ. ಮಾಸ್ಕ್ ಸರಿ ಮಾಡಿ.

ಮಿಂಚು ಹೊಡೆದು ರೌಟರ್ ಬದಲಾದಾಗ

ತುಲಾ ತಿಂಗಳ ಸಂಜೆಯ ಗುಡುಗು ಮಿಂಚಿಗೆ ನಮ್ಮ ಕಡೆ ರೌಟರು, ಮೋಡೆಮ್ಮು ಸುಟ್ಟುಹೋಗುವುದು ಹೊಸತಲ್ಲ. ಹೊಸ ಪೆಟ್ಟಿಗೆ ತಂದು ಅದೇ 192.168.10.1 ಕೊಟ್ಟರೂ ಅದರ ಮ್ಯಾಕ್ ಬೇರೆ. ಲಿನಕ್ಸ್, ವಿಂಡೋಸ್ ಯಂತ್ರಗಳು ಹೆಚ್ಚೆಂದರೆ ಒಂದು ನಿಮಿಷದೊಳಗೆ ತಾವೇ ಸರಿಪಡಿಸಿಕೊಳ್ಳುತ್ತವೆ. ಸಿಸಿಟಿವಿ ಪೆಟ್ಟಿಗೆ, ಹಳೆ ಪ್ರಿಂಟರುಗಳಂಥವು ಹಳೆಯ ಮ್ಯಾಕನ್ನೇ ಹಿಡಿದುಕೊಂಡು ಕೂರಬಹುದು, ಅವನ್ನು ಆರಿಸಿ ಹಚ್ಚುವುದೇ ಸುಲಭದ ದಾರಿ. ಲಿನಕ್ಸ್ ರೌಟರ್ ಆದರೆ 'ಆರ್ಪಿಂಗ್ -ಯು' ಬಳಸಿ '192.168.10.1 ಈಗ ಇಲ್ಲಿದೆ' ಎಂದು ಕೇಳದಿದ್ದರೂ ಸಾರಿಬಿಡಬಹುದು, -ಯು ದೊಡ್ಡಕ್ಷರ. ಇದಕ್ಕೆ ಗ್ರಾಟುಯಿಟಸ್ ಎಆರ್‌ಪಿ ಎಂಬ ಹೆಸರು.

ಹೀಗೆ ಯಾರು ಬೇಕಾದರೂ ಸಾರಬಹುದು ಎಂಬುದೇ ಎಆರ್‌ಪಿಯ ದೌರ್ಬಲ್ಯವೂ ಹೌದು. ಓಗೊಟ್ಟವನು ನಿಜವಾಗಿ ಅವನೇ ಹೌದೋ ಎಂದು ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿಲ್ಲ. ಪಟ್ಟಿಯಲ್ಲಿ ಗೇಟ್‌ವೇಗೂ ಲ್ಯಾಬಿನ ಇನ್ನೊಂದು ಕಂಪ್ಯೂಟರಿಗೂ ಒಂದೇ ಮ್ಯಾಕ್ ಕಂಡರೆ, ಅಲ್ಲಿ ಕೂತವನು ಗೇಟ್‌ವೇಯಂತೆ ನಟಿಸುತ್ತಿರಬಹುದು, ಆ ಬೆಂಚಿನತ್ತ ಒಂದು ಸುತ್ತು ಹೋಗಿ ಬನ್ನಿ. ಗೇಟ್‌ವೇಯ ಮ್ಯಾಕ್ ಕ್ಷಣಕ್ಕೊಂದು ಬಗೆಯಾಗಿ ಬದಲಾಗುತ್ತಿದ್ದರೆ ಎರಡು ಯಂತ್ರಕ್ಕೆ ಒಂದೇ ಐಪಿ ಬಿದ್ದಿರುವುದೂ ಸಾಧ್ಯ.

ಮುರಕಲ್ಲಿನ ಮನೆಯ ಎರಡನೆಯ ರೌಟರ್

ದಪ್ಪ ಮುರಕಲ್ಲಿನ ಗೋಡೆ ದಾಟಲು ವೈಫೈ ಒದ್ದಾಡುತ್ತದೆ. ಆದ್ದರಿಂದ ಚಾವಡಿಯಲ್ಲಿ ಫೈಬರಿನ ಪೆಟ್ಟಿಗೆ, ಒಳಗಿನ ಕೋಣೆಯಲ್ಲಿ ಇನ್ನೊಂದು ರೌಟರ್. ಎರಡಕ್ಕೂ ಕಾರ್ಖಾನೆಯಿಂದ ಬಂದ 192.168.1.1 ಇದ್ದರೆ ರಗಳೆ. ಎರಡನೆಯದರ ವಾನ್ (ಹೊರಗಿನ) ಬದಿಯೂ ಲ್ಯಾನ್ (ಮನೆಯೊಳಗಿನ) ಬದಿಯೂ 192.168.1.0 ಆದಾಗ, ಯಾವ ಅಂಗಳ ಯಾವ ಕಡೆ ಎಂಬುದೇ ಅದಕ್ಕೆ ತಿಳಿಯದು. ಕೆಲವು ಮಾದರಿಗಳು ತಾವೇ ಎಚ್ಚರಿಸಿ ಲ್ಯಾನ್ ವಿಳಾಸ ಬದಲಿಸುತ್ತವೆ, ಎಲ್ಲವೂ ಅಲ್ಲ. ಒಳಗಿನ ಫೋನಿನಿಂದ 192.168.1.1 ತೆರೆದರೆ ಸಿಗುವುದು ಒಳಗಿನ ರೌಟರಿನ ಪುಟವೇ. ಕೂಗಿಗೆ ಓಗೊಟ್ಟದ್ದು ಹತ್ತಿರದ್ದು. ಎರಡನೆಯದರ ಲ್ಯಾನನ್ನು 192.168.50.1 ಮಾಡಿ, ಇಲ್ಲವೇ ಅದರ ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ಏರ್ಪಾಡು) ಬಂದ್ ಮಾಡಿ, ವಿಳಾಸವನ್ನು 192.168.1.2 ಮಾಡಿ, ಲ್ಯಾನಿನಿಂದ ಲ್ಯಾನಿಗೆ ಕೇಬಲ್ ಹಾಕಿ. ಎರಡನೆಯ ಬಗೆಯಲ್ಲಿ ಅದು ರೌಟರಾಗಿ ಉಳಿಯುವುದಿಲ್ಲ, ಮನೆಯೆಲ್ಲ ಒಂದೇ ಅಂಗಳ. ಪ್ರಿಂಟರ್, ಟಿವಿ ಎಲ್ಲ ಒಂದನ್ನೊಂದು ಕಾಣಬೇಕಾದ ಮನೆಗೆ ಇದೇ ವಾಸಿ.

ಐಪಿಯ ಹೊಸ ಆವೃತ್ತಿಯಾದ ಐಪಿವಿ6ರಲ್ಲಿ ಎಆರ್‌ಪಿ ಇಲ್ಲ. ಆ ಕೆಲಸವನ್ನು ನೇಬರ್ ಡಿಸ್ಕವರಿ ಮಾಡುತ್ತದೆ: ಪ್ರಶ್ನೆ ಐಸಿಎಂಪಿವಿ6ರ 135ನೇ ಬಗೆ, ಉತ್ತರ 136. ಎಲ್ಲರಿಗೂ ಕೂಗುವ ಬದಲು ಸಣ್ಣ ಗುಂಪಿಗೆ ಮಾತ್ರ ಕರೆ. ಆಚೆಯ ಯಂತ್ರದ ಮ್ಯಾಕ್ ಕೇಳದೆ ಗೇಟ್‌ವೇಯದ್ದನ್ನೇ ಕೇಳುವ ಕ್ರಮ ಮಾತ್ರ ಹಾಗೇ ಉಳಿದಿದೆ.

ಹುಡುಕುವ ಕ್ರಮ

ಮೊದಲು ಗೇಟ್‌ವೇಗೆ ಪಿಂಗ್ ಕೊಡಿ. ಬಾರದಿದ್ದರೂ 'ಐಪಿ ಎನ್' ನೋಡಿ. ಫೈರ್‌ವಾಲ್ ಪಿಂಗನ್ನು ತಡೆದೀತು, ಎಆರ್‌ಪಿಯನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಪಟ್ಟಿ ಖಾಲಿ ಮಾಡಿ ಪಿಂಗ್ ಕೊಟ್ಟ ಮೇಲೆ ಮ್ಯಾಕ್ ಬಂದು ಕೂತಿದ್ದರೆ ಕೇಬಲ್, ಸ್ವಿಚ್, ಗೇಟ್‌ವೇ ಮೂರೂ ಜೀವಂತ. 'ಫೇಲ್ಡ್' ಎಂದಿದ್ದರೆ ತೊಂದರೆ ನಿಮ್ಮ ಅಂಗಳದಲ್ಲೇ: ಕೇಬಲ್, ಸ್ವಿಚ್ಚಿನ ಪೋರ್ಟ್, ತಪ್ಪು ಗೇಟ್‌ವೇ ಸಂಖ್ಯೆ, ಅಥವಾ ಮಾಸ್ಕ್.

ಗೇಟ್‌ವೇ ಸಿಕ್ಕಿತು, ಸರ್ವರ್ ಸಿಗಲಿಲ್ಲ ಎಂದಾಗ ದೂರು ಯಾರ ಹೆಸರಿನಲ್ಲಿ ಬಂತೆಂದು ಓದಿ. 'ಹೋಸ್ಟ್ ಅನ್‌ರೀಚಬಲ್' ಎಂಬುದು ನಿಮ್ಮದೇ 192.168.10.11ರಿಂದ ಬಂದಿದ್ದರೆ ನಿಮ್ಮ ಕೂಗಿಗೆ ಉತ್ತರ ಇಲ್ಲ. 192.168.10.1ರಿಂದ ಬಂದಿದ್ದರೆ ನೀವು ಸರಿ, ರೌಟರ್ ಆಫೀಸಿನಲ್ಲಿ ಕೂಗಿದಾಗ ಸರ್ವರ್ ಓಗೊಟ್ಟಿಲ್ಲ. ಅಲ್ಲಿಗೆ ಹೋಗಿ ಸರ್ವರಿನ ಕರೆಂಟು, ಕೇಬಲು ನೋಡಿ. 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಎಂದು ಕೂಡಲೇ ಬಂದರೆ ನಿಮ್ಮಲ್ಲಿ ಗೇಟ್‌ವೇ ಬರೆದೇ ಇಲ್ಲ. ಏನೂ ಹೇಳದೆ ಬರೀ ಮೌನವಾದರೆ (ವಿಂಡೋಸಿನಲ್ಲಿ 'ರಿಕ್ವೆಸ್ಟ್ ಟೈಮ್ಡ್ ಔಟ್') ಬರುವ ದಾರಿಯನ್ನು ಶಂಕಿಸಿ: ಸರ್ವರಿನ ಗೇಟ್‌ವೇ, ಸರ್ವರಿನ ಮಾಸ್ಕ್, ಕೊನೆಗೆ ಫೈರ್‌ವಾಲ್. ಸಿಸ್ಕೊ ರೌಟರ್ ನಡುವೆ ಇದ್ದು ಮೊದಲ ಒಂದು ಪಿಂಗ್ ಮಾತ್ರ ತಪ್ಪಿ ಉಳಿದದ್ದು ಸರಿಯಾಗಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಕೂಗಿಗೆ ಓಗೊಡುವವರೆಗೆ ಕಾಯದೆ ಅದು ಆ ಮೊದಲ ಪ್ಯಾಕೆಟ್ಟನ್ನು ಕೈಬಿಟ್ಟಿರುತ್ತದೆ.